ತೋಳಿನ ಮೇಲಿನ ಲಂಗರು

ಹಳೆಯ ಆಲ್ಬಮ್ಮಿನಲ್ಲಿ ನೌಕಾಪಡೆಯ ಸಮವಸ್ತ್ರ ತೊಟ್ಟ ಅಜ್ಜನೋ ಮುತ್ತಜ್ಜನೋ ಸಿಕ್ಕರೆ ಎಲ್ಲರ ಕಣ್ಣು ಮೊದಲು ಹೋಗುವುದು ಮುಖದ ಕಡೆಗೆ. ಮೂಗು ಯಾರಿಗೆ ಬಂದಿದೆ, ಹುಬ್ಬು ಯಾರದು ಎಂಬ ಮಾತು ನಡೆಯುತ್ತದೆ. ಆಮೇಲೆ ಹಿರಿಯರೊಬ್ಬರು ಹಡಗಿನ ಹೆಸರು ಹೇಳಿ, ‘ಕ್ಯಾಪ್ಟನ್ ಆಗಿದ್ದರಂತೆ’ ಎಂದು ಸೇರಿಸುತ್ತಾರೆ. ಆ ಮಾತು ನಿಜವೋ ಅಲ್ಲವೋ ತಿಳಿಯಬೇಕಾದರೆ ಭೂತಗನ್ನಡಿಯನ್ನು ಟೋಪಿಗೆ, ತೋಳಿಗೆ, ತೋಳಿನ ಅಂಚಿಗೆ ಹಿಡಿಯಬೇಕು.

ನೂರಾರು ಜನ ಇಕ್ಕಟ್ಟಿನಲ್ಲಿ ಬದುಕುವ ಹಡಗಿನಲ್ಲಿ ಯಾರು ಯಾರಿಗೆ ಆಜ್ಞೆ ಕೊಡಬಹುದು, ಯಾರಿಗೆ ಯಾವ ಕೆಲಸ ಬರುತ್ತದೆ ಎಂಬುದು ನೋಡಿದ ಕೂಡಲೇ ಗೊತ್ತಾಗಬೇಕು. ಅದೆಲ್ಲವನ್ನೂ ಬಟ್ಟೆಯ ಮೇಲೇ ಹೊಲಿದಿರುತ್ತಿದ್ದರು. ಬ್ರಿಟಿಷ್ ನೌಕಾಪಡೆ ತನ್ನ ಸಾಮಾನ್ಯ ನಾವಿಕರಿಗೆ ಏಕರೂಪದ ಸಮವಸ್ತ್ರ ಗೊತ್ತುಮಾಡಿದ್ದು 1857ರಲ್ಲಿ. ಮುಂದೆ ರಾಯಲ್ ಇಂಡಿಯನ್ ನೇವಿಯೂ ಅದೇ ಮಾದರಿಯನ್ನು ಅನುಸರಿಸಿತು. ಹಾಗಾಗಿ ಪೋರ್ಟ್ಸ್‌ಮತ್‌ನ ಸ್ಟುಡಿಯೊದಲ್ಲಿ ತೆಗೆಸಿದ ಪಟವನ್ನು ಓದಲು ಕಲಿತವರಿಗೆ ಬೊಂಬಾಯಿಯ ಪಟವೂ ಅರ್ಥವಾಗುತ್ತದೆ.

ಒಂದು ಪಟ ಎದುರಿಗಿದೆ ಎಂದುಕೊಳ್ಳಿ. ಪೋಸ್ಟ್‌ಕಾರ್ಡ್ ಅಳತೆಯದು. ಹಿಂಬದಿಯಲ್ಲಿ ನಡುವೆ ಗೆರೆ ಎಳೆದು ಒಂದು ಕಡೆ ವಿಳಾಸಕ್ಕೆ, ಇನ್ನೊಂದು ಕಡೆ ಒಕ್ಕಣೆಗೆ ಜಾಗ ಬಿಟ್ಟಿದ್ದಾರೆ. ಬ್ರಿಟನ್ನಿನಲ್ಲಿ ಇಂಥ ಕಾರ್ಡಿಗೆ ಅನುಮತಿ ಸಿಕ್ಕಿದ್ದು 1902ರಲ್ಲಿ, ಆದ್ದರಿಂದ ಪಟ ಅದಕ್ಕಿಂತ ಹಳೆಯದಲ್ಲ. ಟೋಪಿಯ ಸುತ್ತಿನ ಕಪ್ಪು ರೇಷ್ಮೆ ಪಟ್ಟಿಯಲ್ಲಿ ‘ಎಚ್.ಎಂ.ಎಸ್. ಇನ್ವಿನ್ಸಿಬಲ್’ ಎಂಬ ಅಕ್ಷರಗಳಿವೆ. ಆ ಯುದ್ಧನೌಕೆ ಸೇವೆಗೆ ಸೇರಿದ್ದು 1909ರಲ್ಲಿ, ಜಟ್‌ಲ್ಯಾಂಡ್ ಕದನದಲ್ಲಿ ಸಿಡಿದು ಮುಳುಗಿದ್ದು 1916ರ ಮೇ 31ರಂದು. ಪಟ ತೆಗೆಸಿದ ಕಾಲ ಏಳೇ ವರ್ಷಗಳ ಅಂತರಕ್ಕೆ ಬಂದು ನಿಂತಿತು.

ಈಗ ಎಡತೋಳು. ಮೇಲೆ ಒಂಟಿ ಲಂಗರು, ಅದರ ಕೆಳಗೆ ‘ವಿ’ ಆಕಾರದ ಎರಡು ಪಟ್ಟೆ. ಲಂಗರು ಅಂದರೆ ಲೀಡಿಂಗ್ ಸೀಮನ್. ಎರಡು ಲಂಗರು ಅಡ್ಡಡ್ಡ ಕೂಡಿ ಮೇಲೆ ಕಿರೀಟವಿದ್ದರೆ ಪೆಟಿ ಆಫೀಸರ್. ಪಟ್ಟೆಗಳನ್ನು ನೋಡಿ ಭೂಸೇನೆಯ ಕಾರ್ಪೊರಲ್, ಸಾರ್ಜೆಂಟರ ದರ್ಜೆ ಎಂದುಕೊಳ್ಳುವವರೇ ಹೆಚ್ಚು. ಅವು ದರ್ಜೆಯ ಗುರುತಲ್ಲ, ಒಳ್ಳೆಯ ನಡತೆಗೆ ಕೊಟ್ಟವು. ಮೂರು ವರ್ಷಕ್ಕೆ ಒಂದು, ಎಂಟಕ್ಕೆ ಎರಡು, ಹದಿಮೂರಕ್ಕೆ ಮೂರು. ಸೇವೆಯ ಲೆಕ್ಕ ಹದಿನೆಂಟು ತುಂಬಿದ ಮೇಲೆ ಶುರುವಾಗುತ್ತಿತ್ತು. ಅಂದಮೇಲೆ ಪಟದಲ್ಲಿರುವವರಿಗೆ ಕಡಿಮೆಯೆಂದರೂ ಇಪ್ಪತ್ತಾರು ವರ್ಷ. ಬಲತೋಳಿನಲ್ಲಿ ಫಿರಂಗಿಯ ಚಿತ್ರವಿದ್ದರೆ ಅವರು ಫಿರಂಗಿ ತರಬೇತಿ ಪಡೆದವರು. ಅಡ್ಡಡ್ಡ ಹಿಡಿದ ಬಾವುಟಗಳಿದ್ದರೆ ಸಂಕೇತ ವಿಭಾಗದವರು. ತಿರುಗುಚಕ್ರದಂಥ ಪ್ರೊಪೆಲರ್ ಇದ್ದರೆ ಇಂಜಿನ್ ಕೋಣೆಯ ಬಿಸಿಯಲ್ಲಿ ಬೆಂದವರು.

ಇಷ್ಟು ತಿಳಿದ ಮೇಲೂ ಒಂದು ಪ್ರಶ್ನೆ ಎದೆಯನ್ನು ಒತ್ತುತ್ತದೆ. ಇನ್ವಿನ್ಸಿಬಲ್ ಮುಳುಗಿದಾಗ ಅದರಲ್ಲಿದ್ದ ಸಾವಿರಕ್ಕೂ ಹೆಚ್ಚು ಜನರಲ್ಲಿ ಬದುಕಿ ಉಳಿದವರು ಆರು ಮಂದಿ. ನಮ್ಮ ಪಟದವರು ಆ ದಿನ ಹಡಗಿನಲ್ಲಿದ್ದರೆ? ಅಷ್ಟು ಹೊತ್ತಿಗೆ ಬೇರೆ ಹಡಗಿಗೆ ಹೋಗಿದ್ದರೆ? ಪಟ ಹೇಳುವುದು ಅದನ್ನು ತೆಗೆಸಿದ ದಿನದ ಸಂಗತಿಯನ್ನು ಮಾತ್ರ. ಉಳಿದದ್ದಕ್ಕೆ ಲಂಡನ್ನಿನ ರಾಷ್ಟ್ರೀಯ ಪತ್ರಾಗಾರದ ಸೇವಾ ದಾಖಲೆ ಬೇಕು. 1873ರಿಂದ 1923ರವರೆಗೆ ಸೇರಿದ ಬ್ರಿಟಿಷ್ ನಾವಿಕರ ರಿಜಿಸ್ಟರುಗಳು ಅಲ್ಲಿ ‘ಎಡಿಎಂ 188’ ಎಂಬ ಶ್ರೇಣಿಯಲ್ಲಿವೆ. ಯಾವ ಹಡಗಿನಲ್ಲಿ ಎಂದಿನಿಂದ ಎಂದಿನವರೆಗೆ ಇದ್ದರು ಎಂಬುದು ಸಾಲುಸಾಲಾಗಿ ಸಿಗುತ್ತದೆ. ಎತ್ತರ, ಕಣ್ಣಿನ ಬಣ್ಣ, ಮೈಮೇಲಿನ ಹಚ್ಚೆಯನ್ನೂ ಅದರಲ್ಲಿ ಬರೆದಿಡುತ್ತಿದ್ದರು.

ಟೋಪಿಯ ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಹಡಗು ಸಿಕ್ಕಿತು ಎನ್ನುವಂತೆಯೂ ಇಲ್ಲ. ಬ್ರಿಟಿಷ್ ನೌಕಾಪಡೆಯಲ್ಲಿ ದಡದ ಮೇಲಿನ ತರಬೇತಿ ಶಾಲೆ, ವಸತಿ ಕಟ್ಟಡಗಳಿಗೂ ಹಡಗಿನ ಹೆಸರೇ. ಪಟ್ಟಿಯಲ್ಲಿ ‘ವಿಕ್ಟರಿ’ ಎಂದು ಕಂಡು, ನೆಲ್ಸನ್ ಟ್ರಫಾಲ್ಗರಿನಲ್ಲಿ ಹೋರಾಡಿದ ಹಡಗಿನಲ್ಲೇ ನಮ್ಮವರು ದುಡಿದರು ಎಂದು ಹೆಮ್ಮೆಪಟ್ಟ ಕುಟುಂಬಗಳು ಇಂಗ್ಲೆಂಡಿನಲ್ಲಿ ಕಡಿಮೆಯಿಲ್ಲ. ಬಹುಪಾಲು ಸಂದರ್ಭದಲ್ಲಿ ಅದು ಪೋರ್ಟ್ಸ್‌ಮತ್‌ನ ನಾವಿಕರ ಬ್ಯಾರಕ್ಕು. ಚ್ಯಾಟಮ್‌ನದು ‘ಪೆಂಬ್ರೋಕ್’, ಶಾಟ್ಲಿಯಲ್ಲಿ ಹುಡುಗರ ತರಬೇತಿ ಶಾಲೆ ‘ಗ್ಯಾಂಜಸ್’. 1946ರ ಫೆಬ್ರುವರಿ 18ರಂದು ನಾವಿಕರ ಬಂಡಾಯ ಶುರುವಾದ ಬೊಂಬಾಯಿಯ ‘ತಲ್ವಾರ್’ ಕೂಡ ನೀರಿಗಿಳಿದ ಹಡಗಲ್ಲ, ಸಂಕೇತ ತರಬೇತಿಯ ಶಾಲೆ.

ಎರಡನೇ ಮಹಾಯುದ್ಧದ ಪಟಗಳಲ್ಲಿ ತೊಡಕು ಬೇರೆ ಬಗೆಯದು. ಶತ್ರುವಿಗೆ ಸುಳಿವು ಸಿಗಬಾರದೆಂದು ಟೋಪಿಯ ಪಟ್ಟಿಯಿಂದ ಹಡಗಿನ ಹೆಸರನ್ನೇ ತೆಗೆದು ಬರಿಯ ‘ಎಚ್.ಎಂ.ಎಸ್.’ ಎಂದು ಬರೆಸಿದರು, ನಮ್ಮವರದರಲ್ಲಿ ‘ಎಚ್.ಎಂ.ಐ.ಎಸ್.’ ಆಗ ಹಿನ್ನೆಲೆಯನ್ನು ಹುಡುಕಬೇಕು. ಗುಂಪಿನ ಮುಂದೆ ಇಟ್ಟ ಜೀವರಕ್ಷಕ ಬಳೆಯ ಮೇಲೆ ಹೆಸರಿರಬಹುದು. ಹಡಗಿನ ಮಗ್ಗುಲಲ್ಲಿ ದೊಡ್ಡದಾಗಿ ಬರೆದ ಸಂಖ್ಯೆಯ ತುಣುಕು ಕಂಡರೂ ಸಾಕು. ‘ಯು 10’ ಎಂದಿದ್ದರೆ ಅದು ನಮ್ಮ ನದಿಯ ಹೆಸರು ಹೊತ್ತ ‘ಕಾವೇರಿ’. ಕೃಷ್ಣೆಯ ಹೆಸರಿನದೂ ಒಂದಿತ್ತು, ಅದು ‘ಯು 46’. ಸಂಖ್ಯೆಯೂ ಕಾಣದಿದ್ದರೆ ಹೊಗೆಕೊಳವೆ ಎಷ್ಟು, ಕೂವೆಮರ ಎಷ್ಟು, ಫಿರಂಗಿಗಳು ಎಲ್ಲಿ ಎಂದು ಎಣಿಸಿ, ಫ್ರೆಡ್ ಜೇನ್ 1898ರಲ್ಲಿ ಆರಂಭಿಸಿದ ಯುದ್ಧನೌಕೆಗಳ ವಾರ್ಷಿಕ ಗ್ರಂಥದ ಹಳೆಯ ಸಂಚಿಕೆಗಳ ಚಿತ್ರಗಳೊಡನೆ ತಾಳೆ ನೋಡಬೇಕು. ನಿಧಾನದ ಕೆಲಸ, ಆದರೆ ಇದರಷ್ಟು ಖುಷಿ ಕೊಡುವ ಹುಡುಕಾಟ ನನಗೆ ಇನ್ನೊಂದಿಲ್ಲ.

ಇನ್ನು ‘ಕ್ಯಾಪ್ಟನ್’ ಎಂಬ ಮಾತು. ಚೀಫ್ ಪೆಟಿ ಆಫೀಸರ್ ದರ್ಜೆಗೆ ಏರಿದವರು ನಾವಿಕರ ದುಂಡು ಟೋಪಿ ಬಿಟ್ಟು, ಮುಂದೆ ಚಾಚಿದ ಟೋಪಿ, ಎರಡು ಸಾಲು ಗುಂಡಿಯ ಕೋಟು ಹಾಕುತ್ತಿದ್ದರು. ಊರಿನವರ ಕಣ್ಣಿಗೆ ಅವರು ದೊಡ್ಡ ಅಧಿಕಾರಿಯೇ. ತೋಳಿನ ಅಂಚಿನಲ್ಲಿ ಮೂರು ಗುಂಡಿ ಸಾಲಾಗಿದ್ದರೆ ಅವರು ಚೀಫ್. ಅಧಿಕಾರಿಗಳಿಗಾದರೆ ಅಲ್ಲಿ ಜರಿಯ ಸುತ್ತು: ಎರಡಕ್ಕೆ ಲೆಫ್ಟಿನೆಂಟ್, ಮೂರಕ್ಕೆ ಕಮಾಂಡರ್, ನಾಲ್ಕಕ್ಕೆ ಕ್ಯಾಪ್ಟನ್. ಯುದ್ಧಕಾಲಕ್ಕೆಂದು ಸೇರಿದ ಸ್ವಯಂಸೇವಕ ಅಧಿಕಾರಿಗಳ ಜರಿ ಅಲೆಯಂತೆ ಬಳುಕುತ್ತದೆ, ವ್ಯಾಪಾರಿ ಹಡಗಿನಿಂದ ಬಂದ ಮೀಸಲು ಅಧಿಕಾರಿಗಳದು ಹೆಣಿಗೆಯಂತಿರುತ್ತದೆ. ಕೆಳಗಿನಿಂದ ಮೇಲೇರಿ ಚೀಫ್ ಆದವರ ಸಾಧನೆಗೆ ಇಲ್ಲದ ಕ್ಯಾಪ್ಟನ್ ಪದವಿಯ ಅಲಂಕಾರ ಬೇಕಾಗಿಲ್ಲ ಎಂದು ನನಗನ್ನಿಸುತ್ತದೆ.

ತೋಳಿನಲ್ಲಿ ಏನೂ ಕಾಣುತ್ತಿಲ್ಲ ಎಂದು ಪಟವನ್ನು ಬದಿಗಿಡುವ ಮುನ್ನ ಒಂದು ಮಾತು. ಆಗಿನ ಫಲಕ, ಫಿಲ್ಮುಗಳಲ್ಲಿ ಹಲವಕ್ಕೆ ಕೆಂಪು ಬಣ್ಣ ಗ್ರಹಿಸುವ ಶಕ್ತಿಯಿರಲಿಲ್ಲ. ಕೆಂಪು ಕಪ್ಪಾಗಿ ಮೂಡುತ್ತಿತ್ತು. ದಿನಬಳಕೆಯ ಕಡುನೀಲಿ ಉಡುಪಿನ ಗುರುತುಗಳು ಕೆಂಪು ದಾರದವು, ಹಾಗಾಗಿ ಪಟದಲ್ಲಿ ಅವು ಬಟ್ಟೆಯೊಳಗೇ ಕರಗಿಹೋಗಿರುತ್ತವೆ. ಪಟವನ್ನು ದಟ್ಟವಾಗಿ ಸ್ಕ್ಯಾನ್ ಮಾಡಿ ಕತ್ತಲ ಭಾಗವನ್ನಷ್ಟೇ ಬೆಳಗಿಸಿದರೆ ಹೊಲಿಗೆಯ ಉಬ್ಬು ಎದ್ದು ಬರುವುದುಂಟು. ಬಿಳಿ ಉಡುಪಿನ ಮೇಲೆ ನೀಲಿ ಗುರುತು ಹಾಕುತ್ತಿದ್ದುದರಿಂದ ನಮ್ಮ ಸೆಖೆಯ ನಾಡಿನ ಪಟಗಳು ಈ ವಿಷಯದಲ್ಲಿ ವಾಸಿ. ತಗಡಿನ ಮೇಲೆ ತೆಗೆದ ಹಳೆಯ ಪಟಗಳಲ್ಲಿ ಎಡಬಲ ತಿರುಗುಮುರುಗಾಗಿರುತ್ತದೆ ಎಂಬುದೂ ನೆನಪಿರಲಿ.

ಭಾರತದ ಪಟವಾದರೆ ಕಾಲ ಗೊತ್ತುಮಾಡಲು ಸುಲಭದ ದಾರಿಯೊಂದಿದೆ. 1934ರ ಅಕ್ಟೋಬರಿಗೆ ಮುಂಚೆ ಇಲ್ಲಿನ ನೌಕಾಪಡೆಯ ಹೆಸರು ರಾಯಲ್ ಇಂಡಿಯನ್ ಮರೀನ್, ಆಮೇಲೆ ರಾಯಲ್ ಇಂಡಿಯನ್ ನೇವಿ. 1950ರ ಜನವರಿ 26ರಿಂದ ‘ರಾಯಲ್’ ಹೋಯಿತು, ಹಡಗುಗಳು ‘ಐ.ಎನ್.ಎಸ್.’ ಆದವು, ಕಿರೀಟದ ಜಾಗಕ್ಕೆ ಅಶೋಕನ ಸಿಂಹಗಳು ಬಂದವು. ಕರಾವಳಿಯ ಮನೆಗಳಲ್ಲಿ ‘ನೇವಿ’ ಎಂದು ಹೇಳಿಕೊಂಡು ಬಂದದ್ದು ಹಲವು ಸಲ ವ್ಯಾಪಾರಿ ಹಡಗಿನ ಉದ್ಯೋಗವಾಗಿರುತ್ತದೆ. ಟೋಪಿಯಲ್ಲಿ ಹಡಗು ಕಂಪನಿಯ ಬಾವುಟದ ಗುರುತಿದ್ದರೆ ನೌಕಾಪಡೆಯ ಕಡತ ಬಿಟ್ಟು, ಹಡಗಿನ ಸೇವೆಯನ್ನು ದಾಖಲಿಸುವ ಅವರ ಸಿಡಿಸಿ ಪುಸ್ತಕ ಎಲ್ಲಿದೆ ಎಂದು ಪೆಟ್ಟಿಗೆ ತಡಕಿ.

ರಾಯಲ್ ಇಂಡಿಯನ್ ಮರೀನ್ ಕಾಲದ ಕಾಗದಗಳು ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ಸಂಗ್ರಹದಲ್ಲಿವೆ. ಭಾರತೀಯ ನೌಕಾಪಡೆಯ ನಾವಿಕರ ದಾಖಲೆ ನೋಡಿಕೊಳ್ಳುವುದು ಮುಂಬೈಯ ಬ್ಯೂರೋ ಆಫ್ ಸೇಲರ್ಸ್. ಎರಡನೇ ಮಹಾಯುದ್ಧದಲ್ಲಿ ತೀರಿಹೋಗಿ ಸಮುದ್ರವೇ ಸಮಾಧಿಯಾದ ಅವಿಭಜಿತ ಭಾರತದ ನೌಕಾಪಡೆ ಮತ್ತು ವ್ಯಾಪಾರಿ ಹಡಗುಗಳ ಆರು ಸಾವಿರಕ್ಕೂ ಹೆಚ್ಚು ಜನರ ಹೆಸರು ಮುಂಬೈ ಮತ್ತು ಚಿತ್ತಗಾಂಗ್‌ನ ಸ್ಮಾರಕ ಪಟ್ಟಿಯಲ್ಲಿದೆ. ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗದ ಜಾಲತಾಣದಲ್ಲಿ ಅದನ್ನು ಹುಡುಕಬಹುದು. ಎಲ್ಲಿಗೆ ಬರೆದರೂ ಮೊದಲು ಕೇಳುವುದು ಸೇವಾಸಂಖ್ಯೆ. ಪಟದ ಹಿಂಬದಿ, ಪಿಂಚಣಿ ಕಾಗದ, ಪದಕದ ಅಂಚು, ಈ ಮೂರರಲ್ಲಿ ಎಲ್ಲಾದರೂ ಅದು ಸಿಗುವ ಸಾಧ್ಯತೆ ಇದೆ. ಪದಕವನ್ನು ಹುಣಸೆಹಣ್ಣು ಹಾಕಿ ಉಜ್ಜುವ ಮೊದಲು ಅಂಚಿನ ಅಕ್ಷರಗಳನ್ನು ಬರೆದುಕೊಳ್ಳಿ.