ಹಲಸು ತಟ್ಟಿದ ಹಾಗೆ

ಮಕ್ಕಳೇ, ನಿಮ್ಮ ಅಜ್ಜ ಹಲಸಿನ ಕಾಯಿಯನ್ನು ತಟ್ಟಿ, ಕಿವಿಗೊಟ್ಟು, “ಇದು ಬಲಿತಿದೆ, ಇಳಿಸಬಹುದು” ಎನ್ನುವುದನ್ನು ನೋಡಿದ್ದೀರಾ? ನಾವು ವೈದ್ಯರೂ ರೋಗಿಯ ಎದೆಯನ್ನು ಹೀಗೆಯೇ ತಟ್ಟಿ ನೋಡುತ್ತೇವೆ. ಈ ವಿಧಾನದ ಬಗ್ಗೆ 1761ರಲ್ಲಿ ಪುಸ್ತಕ ಬರೆದವರು ಆಸ್ಟ್ರಿಯಾದ ವೈದ್ಯ ಲಿಯೋಪೋಲ್ಡ್ ಔನ್‌ಬ್ರುಗ್ಗರ್. ಅವರ ತಂದೆ ವಸತಿಗೃಹ ನಡೆಸುತ್ತಿದ್ದರು. ಪೀಪಾಯಿಯನ್ನು ತಟ್ಟಿ, ಒಳಗೆ ದ್ರಾಕ್ಷಾರಸ ಎಷ್ಟಿದೆಯೆಂದು ತಿಳಿಯುವುದನ್ನು ಅವರು ಅಲ್ಲಿಯೇ ಕಂಡಿದ್ದರಂತೆ.

ನಾನು ವೈದ್ಯಕೀಯ ಕಾಲೇಜಿನ ಮೇಷ್ಟ್ರು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದಾಗ ನನ್ನ ತರಗತಿಯೂ ನಿಮ್ಮ ಶಾಲೆಯ ಹಾಗೆ ಮೊಬೈಲಿಗೆ ಬಂತು. ಅದರಿಂದ ಲಾಭವೂ ಆಯಿತು. ಹೃದಯದ ಕವಾಟ ತೆರೆದು ಮುಚ್ಚುವುದನ್ನು ಪರದೆಯ ಮೇಲೆ ನಿಧಾನವಾಗಿ ತೋರಿಸಬಹುದಿತ್ತು. ಅರ್ಥವಾಗದವರು ಪಾಠವನ್ನು ಮತ್ತೆ ಮತ್ತೆ ನೋಡುತ್ತಿದ್ದರು. ತರಗತಿಯಲ್ಲಿ ಬಾಯಿ ಬಿಡದ ಹುಡುಗನೊಬ್ಬ ಅಲ್ಲಿ ಪ್ರಶ್ನೆ ಬರೆದು ಕಳಿಸುತ್ತಿದ್ದ. ಮಲೆನಾಡಿನ ಹುಡುಗಿಯೊಬ್ಬಳು ಸಿಗ್ನಲ್‌ಗಾಗಿ ಗುಡ್ಡ ಹತ್ತಿ, ಕೊಡೆ ಹಿಡಿದು ಪಾಠ ಕೇಳಿದಳು. ಪರೀಕ್ಷೆಯಲ್ಲಿ ಅವಳದೇ ಹೆಚ್ಚು ಅಂಕ.

ಆದರೆ ಎದೆ ತಟ್ಟುವ ಪಾಠ ಮಾತ್ರ ಸೋತಿತು. ನಾನು ತಟ್ಟಿದ ಸದ್ದು ಅವರಿಗೆ ಕೇಳಿಸಲೇ ಇಲ್ಲ. ಇಂಥ ಆ್ಯಪ್‌ಗಳು ಮಾತನ್ನು ಉಳಿಸಿಕೊಂಡು ಮಿಕ್ಕ ಸದ್ದನ್ನು ಗದ್ದಲವೆಂದು ಅಳಿಸಿಬಿಡುತ್ತವೆ!

ಕಾಲೇಜು ಮತ್ತೆ ತೆರೆಯಿತು. ವಾರ್ಡಿನಲ್ಲಿ ಉಸಿರಾಟದ ತೊಂದರೆಯಿದ್ದ ರೈತ ಅಜ್ಜನೊಬ್ಬರಿದ್ದರು. ಗುಡ್ಡ ಹತ್ತಿದ ಆ ಹುಡುಗಿಯನ್ನೇ ಕರೆದೆ. ಪುಸ್ತಕದಲ್ಲಿದ್ದುದನ್ನೆಲ್ಲ ಪಟಪಟನೆ ಹೇಳಿದಳು. ಎದೆ ತಟ್ಟಿ, “ಎಲ್ಲ ಸರಿಯಿದೆ ಸರ್” ಎಂದಳು.

ಸರಿಯಿರಲಿಲ್ಲ. ಎದೆಯ ಒಂದು ಪಕ್ಕದಲ್ಲಿ ನೀರು ತುಂಬಿತ್ತು. ಗಾಳಿ ತುಂಬಿದ ಶ್ವಾಸಕೋಶದ ಮೇಲೆ ತಟ್ಟಿದರೆ ಟೊಳ್ಳು ಸದ್ದು. ನೀರಿದ್ದಲ್ಲಿ ಕಲ್ಲು ತಟ್ಟಿದ ಹಾಗೆ ಮಂದ. ಅವಳ ಮುಖ ಬಾಡಿತು. ಅಜ್ಜ ನಕ್ಕು, “ಹೆದರಬೇಡ ಮಗಾ. ಹಲಸು ತಟ್ಟಿದ ಹಾಗೆ ತಟ್ಟು. ಕೈ ಮಾತ್ರ ಸ್ವಲ್ಪ ಬೆಚ್ಚಗೆ ಮಾಡ್ಕೋ” ಎಂದರು.

ಅವಳು ಅಂಗೈ ಉಜ್ಜಿಕೊಂಡು, ಒಂದು ಪಕ್ಕ, ಇನ್ನೊಂದು ಪಕ್ಕ ತಟ್ಟುತ್ತಾ ಬಂದಳು. ಒಂದೆಡೆ ಬೆರಳು ನಿಂತಿತು. “ಸರ್, ಇಲ್ಲಿ!” ಎಕ್ಸ್‌ರೇಯೂ ಅದನ್ನೇ ಹೇಳಿತು. ನೀರು ತೆಗೆದ ಮೇಲೆ ಅಜ್ಜನ ಉಸಿರು ಹಗುರಾಯಿತು.

ಈಗಲೂ ನಾನು ಕೆಲವು ಪಾಠಗಳನ್ನು ಪರದೆಯ ಮೇಲೆಯೇ ಮಾಡುತ್ತೇನೆ. ಆದರೆ ಎದೆ ತಟ್ಟುವ ಪಾಠ ರೋಗಿಯ ಮಂಚದ ಪಕ್ಕದಲ್ಲೇ. ಕೈ ಬೆಚ್ಚಗಿರಲಿ ಎಂದು ಹೇಳುವ ಅಜ್ಜ ಪರದೆಯೊಳಗೆ ಸಿಗುವುದಿಲ್ಲ.

ನೀವೂ ಮಾಡಿ ನೋಡಿ. ಎಡಗೈಯ ನಡುಬೆರಳನ್ನು ಎದೆಯ ಬಲಭಾಗದ ಮೇಲಿಟ್ಟು, ಬಲಗೈಯ ನಡುಬೆರಳಿನಿಂದ ಅದನ್ನು ತಟ್ಟುತ್ತಾ ಕೆಳಗಿಳಿಯಿರಿ. ಪಕ್ಕೆಲುಬಿನ ಕೆಳಭಾಗದಲ್ಲಿ ಸದ್ದು ಬದಲಾಯಿತೇ? ಅಲ್ಲಿರುವುದು ನಿಮ್ಮ ಯಕೃತ್ತು. ಗೊತ್ತಾಗದಿದ್ದರೆ, ಮೊದಲು ಅಜ್ಜನ ಹತ್ತಿರ ಹಲಸು ತಟ್ಟುವುದನ್ನು ಕಲಿಯಿರಿ.