ನಿಮಗಿದು ಗೊತ್ತೇ? ಅಧಿವೇಶನ ಮುಗಿಯಿತು, ನಿಮ್ಮ ಶಾಸಕರ ಲೆಕ್ಕ ಎಲ್ಲಿದೆ?

ಅಧಿವೇಶನ ಮುಗಿಸಿ ಊರಿಗೆ ಬಂದ ಶಾಸಕರು ‘ಸದನದಲ್ಲಿ ನಾನು ಇಂತಿಷ್ಟು ಕೆಲಸ ಮಾಡಿದೆ’ ಎಂದು ಮತದಾರರಿಗೆ ವರದಿ ಒಪ್ಪಿಸಲೇಬೇಕು ಎನ್ನುವ ಕಾನೂನು ನಮ್ಮಲ್ಲಿಲ್ಲ. ಗುದ್ದಲಿ ಪೂಜೆಯ ಫೋಟೊ ಬರುತ್ತದೆ, ಹುಟ್ಟುಹಬ್ಬದ ಫ್ಲೆಕ್ಸ್ ಏಳುತ್ತದೆ, ಸದನದ ಲೆಕ್ಕ ಮಾತ್ರ ಮನೆ ಬಾಗಿಲಿಗೆ ಬರುವುದು ಅಪರೂಪ. ಆದರೆ ಆ ಲೆಕ್ಕ ಗುಟ್ಟಿನದ್ದಲ್ಲ. ಎಲ್ಲಿ ಹುಡುಕಬೇಕೆಂದು ಗೊತ್ತಿದ್ದರೆ ಯಾರು ಬೇಕಾದರೂ ತೆಗೆಯಬಹುದು.

ಲೆಕ್ಕ ಒಪ್ಪಿಸುವ ಪದ್ಧತಿ ಈ ನೆಲಕ್ಕೆ ಹೊಸದಲ್ಲ ಎಂಬುದು ಗೊತ್ತೇ? 1881ರ ಅಕ್ಟೋಬರ್‌ನಲ್ಲಿ, ಹತ್ತನೇ ಚಾಮರಾಜ ಒಡೆಯರ ಕಾಲದಲ್ಲಿ, ದಿವಾನ್ ರಂಗಾಚಾರ್ಲು ಅವರು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಸೇರಿಸಿದರು. ಸದಸ್ಯರು 144 ಮಂದಿ. ಕಾನೂನು ಮಾಡುವ ಅಧಿಕಾರ ಆ ಸಭೆಗಿರಲಿಲ್ಲ. ದಸರಾ ಹೊತ್ತಿಗೆ ಸೇರುತ್ತಿದ್ದ ಪ್ರತಿನಿಧಿಗಳ ಮುಂದೆ ದಿವಾನರು ವರ್ಷದ ಆಡಳಿತದ ವರದಿ ಓದುತ್ತಿದ್ದರು, ಪ್ರತಿನಿಧಿಗಳು ತಮ್ಮ ಸೀಮೆಯ ಅಹವಾಲು ಹೇಳಿಕೊಳ್ಳುತ್ತಿದ್ದರು. ಜನಕ್ಕೆ ವೋಟು ಇಲ್ಲದ ದಿನಗಳಲ್ಲೇ ಸರ್ಕಾರ ಪ್ರಜೆಗಳ ಮುಂದೆ ನಿಂತು ವರದಿ ಓದಿತ್ತು. ಇವತ್ತು ವೋಟು ಹಾಕಿ ಕಳಿಸಿದವರು ವರದಿ ಕೇಳಿದರೆ ಅದು ಹೆಚ್ಚಿನ ಮಾತಾಗದು.

ವರ್ಷಕ್ಕೆ ಕನಿಷ್ಠ 60 ದಿನ ಸದನ ಸೇರಬೇಕು. ಹಾಗೆಂದು ಕರ್ನಾಟಕದ ವಿಧಾನಮಂಡಲವೇ 2005ರಲ್ಲಿ ಕಾಯ್ದೆ ಮಾಡಿಕೊಂಡಿದೆ. ಆಮೇಲಿನ ಹೆಚ್ಚಿನ ವರ್ಷಗಳಲ್ಲಿ ಸದನ ಆ ಸಂಖ್ಯೆಯನ್ನು ಮುಟ್ಟಿಲ್ಲ. ತಾನೇ ಬರೆದ ಕಾನೂನನ್ನು ತಾನೇ ಪಾಲಿಸದ ಸದನದ ಬಗ್ಗೆ ನಾವು ಇಷ್ಟು ಸುಮ್ಮನಿರುವುದು ಸರಿಯಲ್ಲ. ಸಂವಿಧಾನದ 174ನೇ ವಿಧಿಯ ಷರತ್ತು ಇನ್ನೂ ಸಡಿಲ: ಎರಡು ಅಧಿವೇಶನಗಳ ನಡುವೆ ಆರು ತಿಂಗಳಿಗಿಂತ ಹೆಚ್ಚು ಅಂತರ ಇರಬಾರದು, ಅಷ್ಟೇ.

ಅಧಿವೇಶನ ಬೆಂಗಳೂರಿನಲ್ಲಷ್ಟೇ ಸೇರುವುದಿಲ್ಲ: ಬೆಳಗಾವಿಯಲ್ಲಿ ಮೊದಲ ಅಧಿವೇಶನ ನಡೆದದ್ದು 2006ರಲ್ಲಿ. ಅಲ್ಲಿನ ಸುವರ್ಣ ವಿಧಾನಸೌಧವನ್ನು ಆಗಿನ ರಾಷ್ಟ್ರಪತಿ ಪ್ರಣವ್ ಮುಖರ್ಜಿ ಉದ್ಘಾಟಿಸಿದ್ದು 2012ರ ಅಕ್ಟೋಬರ್ 11ರಂದು.

‘ಸದನವನ್ನು ಅನಿರ್ದಿಷ್ಟ ಕಾಲ ಮುಂದೂಡಲಾಗಿದೆ’ ಎಂದು ಸಭಾಧ್ಯಕ್ಷರು ಹೇಳಿದೊಡನೆ ಅಧಿವೇಶನ ಕಾನೂನಿನ ಪ್ರಕಾರ ಮುಗಿದಂತಲ್ಲ. ಮುಂದೂಡುವುದು ಸಭಾಧ್ಯಕ್ಷರು, ಮುಕ್ತಾಯಗೊಳಿಸುವುದು ರಾಜ್ಯಪಾಲರು. ಅಧಿವೇಶನ ಮುಕ್ತಾಯವಾದರೂ ಬಾಕಿ ಉಳಿದ ವಿಧೇಯಕ ಸಾಯುವುದಿಲ್ಲ, ಮುಂದಿನ ಅಧಿವೇಶನಕ್ಕೆ ಬರುತ್ತದೆ. ವಿಧಾನಸಭೆಯೇ ವಿಸರ್ಜನೆಯಾದರೆ ಮಾತ್ರ ಅಲ್ಲಿ ಬಾಕಿಯಿದ್ದ ವಿಧೇಯಕಗಳು ಬಿದ್ದುಹೋಗುತ್ತವೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ನಿಮ್ಮ ಶಾಸಕರು ಏನು ಕೇಳಿದರು?

ಪ್ರಶ್ನೆಗಳಲ್ಲಿ ಎರಡು ಬಗೆ. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲೇ ಬಾಯಿಮಾತಿನ ಉತ್ತರ ಕೊಡಬೇಕು, ಅದರ ಮೇಲೆ ಉಪಪ್ರಶ್ನೆ ಹಾಕಬಹುದು. ಚುಕ್ಕೆ ಗುರುತಿಲ್ಲದ್ದಕ್ಕೆ ಲಿಖಿತ ಉತ್ತರ. ಟಿವಿಯಲ್ಲಿ ಕಾಣುವುದು ಗದ್ದಲ, ಧರಣಿ, ಸಭಾತ್ಯಾಗ. ಆದರೆ ಕ್ಷೇತ್ರದ ನಿಜವಾದ ಚರಿತ್ರೆ ಇರುವುದು ಟಿವಿಯಲ್ಲಿ ಬಾರದ ಆ ಲಿಖಿತ ಉತ್ತರಗಳಲ್ಲಿ. ಎಡಗಡೆ ಪ್ರಶ್ನೆ, ಬಲಗಡೆ ಉತ್ತರ, ಅ), ಆ), ಇ) ಎಂದು ಸಾಗುತ್ತದೆ. ‘ಸರ್ಕಾರದ ಗಮನಕ್ಕೆ ಬಂದಿದೆಯೇ?’ ಎಂದು ಶಾಸಕರ ಪ್ರಶ್ನೆ. ‘ಬಂದಿದೆ’ ಎಂದು ಸಚಿವರ ಉತ್ತರ. ‘ಬಂದಿದ್ದಲ್ಲಿ ಕೈಗೊಂಡ ಕ್ರಮಗಳೇನು?’ ಎಂಬಲ್ಲಿಗೆ ಬಂದಾಗ ನಿಧಾನವಾಗಿ ಓದಿ. ‘ಪರಿಶೀಲನೆಯಲ್ಲಿದೆ’ ಎಂದರೆ ಏನೂ ಆಗಿಲ್ಲ. ‘ಅನುದಾನದ ಲಭ್ಯತೆಗೆ ಅನುಗುಣವಾಗಿ ಕ್ರಮ ಕೈಗೊಳ್ಳಲಾಗುವುದು’ ಎಂದರೆ ದುಡ್ಡಿಲ್ಲ. ‘ಉದ್ಭವಿಸುವುದಿಲ್ಲ’ ಎಂದರೆ ಆ ಬಾಗಿಲು ಮುಚ್ಚಿತು. ನಿಮ್ಮೂರಿನ ಶಾಲೆಯಲ್ಲಿ ಎಷ್ಟು ಶಿಕ್ಷಕರ ಹುದ್ದೆ ಖಾಲಿ, ತಾಲ್ಲೂಕು ಆಸ್ಪತ್ರೆಯಲ್ಲಿ ತಜ್ಞ ವೈದ್ಯರು ಎಷ್ಟು ಕಮ್ಮಿ, ಕೆರೆ ಒತ್ತುವರಿ ಎಷ್ಟು ಎಕರೆ ಎಂಬ ಅಂಕಿಗಳು ಸಚಿವರ ಸಹಿಯೊಂದಿಗೆ ಸಿಗುವ ಜಾಗ ಇದು. ಇಂಥ ಒಂದು ಪ್ರಶ್ನೆಯನ್ನೂ ಕೇಳದೆ ಅಧಿವೇಶನ ಮುಗಿಸಿ ಬಂದವರಿಗೆ ಯಾಕೆಂದು ಕೇಳುವ ಹಕ್ಕು ನಮಗಿದೆ.

ಪತ್ರಿಕೆಯಲ್ಲಿ ‘ನಿಯಮ 69’, ‘ನಿಯಮ 351’ ಎಂದು ಓದಿರುತ್ತೀರಿ. ವಿಧಾನಸಭೆಯಲ್ಲಿ ನಿಯಮ 60 ಎಂದರೆ ನಿಲುವಳಿ ಸೂಚನೆ, 69 ಎಂದರೆ ಸಾರ್ವಜನಿಕ ಮಹತ್ವದ ವಿಷಯದ ಚರ್ಚೆ, 73 ಎಂದರೆ ಗಮನ ಸೆಳೆಯುವ ಸೂಚನೆ. ಕ್ಷೇತ್ರದ ಸಣ್ಣಪುಟ್ಟ ಅಹವಾಲುಗಳೂ ಸದನದ ಕಡತ ಸೇರುವುದು ಹೆಚ್ಚಾಗಿ 351ರಲ್ಲಿ.

‘ಆರು ತಿಂಗಳಲ್ಲಿ ಮಾಡಿಸಿಕೊಡುತ್ತೇನೆ’ ಎಂದು ಸಚಿವರು ಸದನದಲ್ಲಿ ಹೇಳಿದ ಮಾತು ಗಾಳಿಗೆ ಹೋಗುವುದಿಲ್ಲ ಎಂಬುದು ಗೊತ್ತೇ? ಅಂಥ ಮಾತುಗಳನ್ನು ಹೆಕ್ಕಿ, ಈಡೇರಿತೇ ಇಲ್ಲವೇ ಎಂದು ಇಲಾಖೆಗಳನ್ನು ಕೇಳಲೆಂದೇ ಭರವಸೆಗಳ ಸಮಿತಿಯಿದೆ.

ಸದನ ನಡೆಯಲು ಎಷ್ಟು ಮಂದಿ ಬೇಕು? ಸಂವಿಧಾನದ 189ನೇ ವಿಧಿಯ ಲೆಕ್ಕದಲ್ಲಿ ಒಟ್ಟು ಬಲದ ಹತ್ತನೇ ಒಂದು ಭಾಗ. ವಿಧಾನಸಭೆಯಲ್ಲಿ 224 ಸದಸ್ಯರು, ಅವರಲ್ಲಿ ಹತ್ತರಲ್ಲಿ ಒಬ್ಬರು ಕೂತಿದ್ದರೆ ಸಾಕು. ಅನುಮತಿಯಿಲ್ಲದೆ 60 ದಿನ ಎಲ್ಲ ಸಭೆಗಳಿಗೂ ಗೈರಾದರೆ ಆ ಸ್ಥಾನ ಖಾಲಿಯೆಂದು ಸದನ ಘೋಷಿಸಬಹುದು. ಆದರೆ ಅಧಿವೇಶನ ಮುಗಿದಿರುವ ದಿನಗಳಾಗಲಿ, ಸದನವನ್ನು ನಾಲ್ಕಕ್ಕಿಂತ ಹೆಚ್ಚು ದಿನ ಸತತವಾಗಿ ಮುಂದೂಡಿದ ದಿನಗಳಾಗಲಿ ಈ 60ರ ಲೆಕ್ಕಕ್ಕೆ ಸೇರುವುದಿಲ್ಲ.

ಧ್ವನಿಮತ ಎಂಬುದೊಂದಿದೆ. ‘ಹೌದು ಎನ್ನುವವರು... ಇಲ್ಲ ಎನ್ನುವವರು...’ ಎಂದು ಕೇಳಿ, ಸದ್ದಿನ ಮೇಲೆ ವಿಧೇಯಕ ಅಂಗೀಕಾರವಾಯಿತು ಎನ್ನುವ ಕ್ರಮ. ನಮ್ಮ ಹೆಚ್ಚಿನ ಕಾನೂನುಗಳು ಪಾಸಾಗುವುದೇ ಹೀಗೆ. ತೊಂದರೆಯೇನೆಂದರೆ ಯಾರು ಹೌದು ಎಂದರು, ಯಾರು ಇಲ್ಲ ಎಂದರು ಎಂಬುದು ಕಡತದಲ್ಲಿ ಉಳಿಯುವುದಿಲ್ಲ. ಮತ ವಿಭಜನೆಗೆ ಒತ್ತಾಯ ಬಂದಾಗ ಮಾತ್ರ ಹೆಸರು ದಾಖಲಾಗುತ್ತದೆ. ರೈತನ ಜಮೀನಿಗೆ, ಕೂಲಿಕಾರನ ದಿನಕ್ಕೆ ತಾಗುವ ಕಾನೂನುಗಳಲ್ಲಾದರೂ ಹೆಸರು ಹಿಡಿದು ಮತ ಎಣಿಸಬೇಕು.

2025ರ ಮಾರ್ಚ್ 21 ಬಜೆಟ್ ಅಧಿವೇಶನದ ಕೊನೆಯ ದಿನ. ಅದೇ ದಿನ 18 ಬಿಜೆಪಿ ಶಾಸಕರ ಅಮಾನತಾಯಿತು. ಅದೇ ದಿನ, ಗದ್ದಲದ ನಡುವೆಯೇ, ಶಾಸಕರ ತಿಂಗಳ ವೇತನವನ್ನು 40,000 ರೂಪಾಯಿಯಿಂದ 80,000ಕ್ಕೆ ಏರಿಸುವ ವಿಧೇಯಕಕ್ಕೆ ಒಪ್ಪಿಗೆಯೂ ಸಿಕ್ಕಿತು. ವೇತನ ಹೆಚ್ಚಿಸುವುದು ತಪ್ಪೆಂದು ನಾನು ಹೇಳುವುದಿಲ್ಲ. ಚರ್ಚೆಯಿಲ್ಲದೆ ಹೆಚ್ಚಿಸಿಕೊಂಡದ್ದು ತಪ್ಪು. ಆ ಅಧಿವೇಶನದ ಲೆಕ್ಕ ಕೊಡುವ ಪ್ರತಿ ಶಾಸಕರ ಪತ್ರದಲ್ಲೂ ಈ ಸಾಲು ಇರಬೇಕು.

ವಿಧೇಯಕ ಎರಡೂ ಸದನಗಳಲ್ಲಿ ಪಾಸಾದರೂ ಕಾನೂನಾಗುವುದು ರಾಜ್ಯಪಾಲರ, ಇಲ್ಲವೇ ಅವರು ಕಾಯ್ದಿರಿಸಿದಾಗ ರಾಷ್ಟ್ರಪತಿಗಳ, ಅಂಕಿತದ ಮೇಲೆಯೇ. ಗುತ್ತಿಗೆ ಕಾಮಗಾರಿಗಳಲ್ಲಿ ಮುಸ್ಲಿಮರಿಗೆ ಶೇ 4 ಮೀಸಲಾತಿ ಕೊಡುವ ವಿಧೇಯಕ 2025ರ ಮಾರ್ಚ್‌ನಲ್ಲಿ ಪಾಸಾಯಿತು, ಏಪ್ರಿಲ್‌ನಲ್ಲಿ ರಾಜ್ಯಪಾಲರು ಅದನ್ನು ರಾಷ್ಟ್ರಪತಿಗಳ ಪರಿಶೀಲನೆಗೆ ಕಾಯ್ದಿರಿಸಿದರು. ಪರವಾಗಿರಲಿ, ವಿರೋಧವಾಗಿರಲಿ, ‘ಕಾನೂನು ಆಗಿಹೋಯಿತು’ ಎಂದು ಕರಪತ್ರ ಹಂಚಿದವರನ್ನು ನಂಬುವ ಮೊದಲು ರಾಜ್ಯಪತ್ರ ನೋಡಿ.

ಸದನ ಸೇರದಿದ್ದಾಗಲೂ ಕಾನೂನು ಬರಬಹುದು. ಮೈಕ್ರೋ ಫೈನಾನ್ಸ್ ಸಾಲ ವಸೂಲಿಯ ಕಿರುಕುಳ ತಡೆಯಲು 2025ರ ಫೆಬ್ರವರಿಯಲ್ಲಿ ಬಂದದ್ದು ಸುಗ್ರೀವಾಜ್ಞೆ. ಸದನ ಮತ್ತೆ ಸೇರಿದ ದಿನದಿಂದ ಆರು ವಾರದೊಳಗೆ ಒಪ್ಪಿಗೆ ಸಿಗದಿದ್ದರೆ ಯಾವ ಸುಗ್ರೀವಾಜ್ಞೆಯೂ ಉಳಿಯದು.

75 ಸದಸ್ಯರ ವಿಧಾನ ಪರಿಷತ್ತು ಧನ ವಿಧೇಯಕವನ್ನು 14 ದಿನಕ್ಕಿಂತ ಹೆಚ್ಚು ಹಿಡಿದಿಟ್ಟುಕೊಳ್ಳುವಂತಿಲ್ಲ. 2025-26ರ ರಾಜ್ಯ ಬಜೆಟ್ 4,09,549 ಕೋಟಿ ರೂಪಾಯಿಯದು. ಧನವಿನಿಯೋಗ ವಿಧೇಯಕ ಪಾಸಾಗದೆ ಸಂಚಿತ ನಿಧಿಯಿಂದ ಒಂದು ರೂಪಾಯಿ ತೆಗೆಯುವಂತಿಲ್ಲ. ಶಾಸಕರ ಕೈಯಲ್ಲಿರುವ ದೊಡ್ಡ ಅಧಿಕಾರ ಇದೇ, ಗುದ್ದಲಿಯಲ್ಲ.

ಲೆಕ್ಕ ಕೊಡುವ ರೂಢಿ ಬೇರೆ ಕಡೆಯೂ ಇದೆ: ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಸಾಮಾನ್ಯ ಅಧಿವೇಶನ ಒಂದು ವರ್ಷ ಹೆಚ್ಚೆಂದರೆ 105 ದಿನ, ಮರುವರ್ಷ 60 ದಿನ. ಮುಗಿದ ಮೇಲೆ ಶಾಸಕರು ಕ್ಷೇತ್ರದವರಿಗೆ ವರದಿ ಪತ್ರ ಕಳಿಸುವುದು ಅಲ್ಲಿನ ರೂಢಿ.

ನಮ್ಮ ಶಾಸಕರ ಹೆಸರಿನಲ್ಲಿ ವರ್ಷಕ್ಕೆ 2 ಕೋಟಿ ರೂಪಾಯಿಯ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ಇರುತ್ತದೆ. ಕಾಮಗಾರಿ ಸೂಚಿಸುವುದು ಶಾಸಕರು, ಹಣ ಬಿಡುಗಡೆಯಾಗುವುದು ಜಿಲ್ಲಾಧಿಕಾರಿಯ ಮೂಲಕ. ಹಾಗಾಗಿ ಯಾವ ಹೈಮಾಸ್ಟ್ ದೀಪಕ್ಕೆ, ಯಾವ ಸಮುದಾಯ ಭವನಕ್ಕೆ ಎಷ್ಟು ಹೋಯಿತೆಂಬ ಪಟ್ಟಿ ಜಿಲ್ಲಾಧಿಕಾರಿ ಕಚೇರಿಯಲ್ಲಿರುತ್ತದೆ. ಸರ್ಕಾರಿ ಜಮೀನಿನ ಅನಧಿಕೃತ ಸಾಗುವಳಿಯನ್ನು ಸಕ್ರಮಗೊಳಿಸುವ ಬಗರ್ ಹುಕುಂ ಸಮಿತಿಗೂ ಶಾಸಕರೇ ಅಧ್ಯಕ್ಷರು. ನಮೂನೆ 50, 53, 57ರಲ್ಲಿ ಅರ್ಜಿ ಹಾಕಿ ಕೂತ ಸಾಗುವಳಿದಾರರ ಭವಿಷ್ಯ ಆ ಸಮಿತಿ ಸೇರುವುದರ ಮೇಲಿದೆ. ತಾಲ್ಲೂಕು ಕೆಡಿಪಿ (ಕರ್ನಾಟಕ ಅಭಿವೃದ್ಧಿ ಕಾರ್ಯಕ್ರಮ) ಸಭೆಯದೂ ಅದೇ ಕಥೆ. ‘ಈ ವರ್ಷ ಎಷ್ಟು ಸಲ ಸಭೆ ಕರೆದಿರಿ?’ ಎಂಬ ಒಂದೇ ಪ್ರಶ್ನೆ ಸಾಕು.

ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ ಶುಲ್ಕ, 30 ದಿನದೊಳಗೆ ಉತ್ತರ ಬರಬೇಕು. ವಿಧಾನಸಭೆಯ ಸಚಿವಾಲಯಕ್ಕೂ ಈ ಕಾಯ್ದೆ ಅನ್ವಯ. ಮುಂದಿನ ಅಧಿವೇಶನ ಮುಗಿದ ವಾರವೇ ನಿಮ್ಮ ಶಾಸಕರಿಗೊಂದು ಕಾಗದ ಬರೆಯಿರಿ: ಎಷ್ಟು ದಿನ ಹಾಜರಿದ್ದಿರಿ, ಏನೇನು ಕೇಳಿದಿರಿ, ಯಾವ ಭರವಸೆ ಪಡೆದಿರಿ? ವಿಳಾಸ, ವಿಧಾನಸೌಧ, ಬೆಂಗಳೂರು 560001.