ತಿರುಗುವ ದಂಡಕ್ಕೆ ರಾಟೆಯನ್ನು ಭದ್ರಪಡಿಸುವ ಕ್ರಮ

ಎತ್ತಿನ ಗಾಡಿಯ ಚಕ್ರವು ಅಚ್ಚಿನ ಮೇಲೆ ಸಡಿಲವಾಗಿ ತಿರುಗುವುದು. ಅದು ಹೊರಕ್ಕೆ ಜಾರಿ ಬೀಳದಂತೆ ಒಂದು ಕಡಾಣಿ ಇದ್ದರೆ ಸಾಕು. ಯಂತ್ರದ ರಾಟೆಯ ಸ್ಥಿತಿಯು ಇದಕ್ಕೆ ತೀರ ವಿರುದ್ಧವಾದುದು. ಇಲ್ಲಿ ದಂಡವೂ ರಾಟೆಯೂ ಒಂದೇ ಶರೀರದಂತೆ ಕೂಡಿಕೊಂಡು ತಿರುಗತಕ್ಕದ್ದು. ಈ ಭೇದವನ್ನು ಗಮನಿಸದೆ, ಕಡಾಣಿ ಹೊಡೆದಂತೆ ಒಂದು ಮೊಳೆಯನ್ನಾಗಲಿ ತಿರುಪನ್ನಾಗಲಿ ಹೊಡೆದು ಕೆಲಸ ಮುಗಿಯಿತೆಂದು ಭಾವಿಸುವ ಪದ್ಧತಿಯು ಹಳ್ಳಿಗಳಲ್ಲಿ ಈಗಲೂ ಕಂಡುಬರುವುದುಂಟು. ಪಂಪು, ಅಕ್ಕಿಯ ಗಿರಣಿ, ಅಡಕೆ ಸುಲಿಯುವ ಯಂತ್ರ, ಮೇವು ಕತ್ತರಿಸುವ ಯಂತ್ರ ಇವುಗಳಲ್ಲಿ ಆಗುವ ಅನೇಕ ಕೆಡುಕುಗಳಿಗೆ ಈ ಒಂದು ಉದಾಸೀನವೇ ಮೂಲವಾಗಿರುತ್ತದೆ.

ಇದರಿಂದುಂಟಾಗುವ ನಷ್ಟವು ಅಲ್ಪವಾದುದಲ್ಲ. ಒಂದು ಎಕರೆ ಅಡಕೆ ತೋಟದಲ್ಲಿ ಸುಮಾರು ೫೫೦ ಮರಗಳಿರುವುವು. ಮಾರ್ಚಿಯಿಂದ ಮೇ ತಿಂಗಳವರೆಗೆ ಮೂರರಿಂದ ಐದು ದಿವಸಗಳಿಗೊಮ್ಮೆ ಮರವೊಂದಕ್ಕೆ ೧೭೫ ಲೀಟರಿನಂತೆ ನೀರು ಬೇಕು. ಆ ಲೆಕ್ಕದಲ್ಲಿ ಒಂದು ಸರದಿಗೆ ೯೬,೨೫೦ ಲೀಟರ್ ನೀರಾಗುತ್ತದೆ. ರಾಟೆ ಸಡಿಲವಾಗಿ ಪಂಪು ಒಂದು ವಾರ ನಿಂತರೆ ಒಂದೆರಡು ಸರದಿಗಳು ತಪ್ಪಿದಂತೆಯೇ. ನೀರಿಲ್ಲದೆ ಬಾಡಿದ ಅಡಕೆ ಮರವು ಮತ್ತೆ ಹಿಂದಿನ ಸತ್ವಕ್ಕೂ ಫಲಕ್ಕೂ ಬರಲು ಎರಡು ಮೂರು ವರ್ಷಗಳು ಹಿಡಿಯುವುವು. ಸಣ್ಣ ತಿರುಪೊಂದರಲ್ಲಿ ಉಳಿಸಿದ ಹಣವು ಹೀಗೆ ಮೂರು ವರ್ಷಗಳ ಫಸಲಿನಿಂದ ಕಳೆದುಹೋಗುವುದು.

ರಾಟೆಯೇ ಹೇಳುವ ಸಾಕ್ಷಿ

ಗುರುಪುರ ನದಿಯ ಆಚೆಯ ತೋಟದ ಯಜಮಾನನೊಬ್ಬನು, ಪದೇಪದೇ ಸಡಿಲವಾಗುವ ರಾಟೆಯನ್ನೂ ದಂಡವನ್ನೂ ಚೀಲದಲ್ಲಿ ಕಟ್ಟಿಕೊಂಡು ಮಂಗಳೂರಿಗೆ ಬಂದು, ಮಣ್ಣಗುಡ್ಡದ ಒಂದು ಲೇತಿನ ಅಂಗಡಿಯಲ್ಲಿ ಇಟ್ಟನೆಂದು ಭಾವಿಸಬಹುದು. ತಿಳಿದ ಕೆಲಸಗಾರನು ಅವನನ್ನು ಏನೂ ಕೇಳಬೇಕಾದುದಿಲ್ಲ. ನೋಡಿದೊಡನೆಯೇ ಮೂರು ಗುರುತುಗಳು ಅವನಿಗೆ ಕಾಣಿಸುವುವು.

ಮೊದಲನೆಯದು, ದಂಡದ ಮೇಲೆಯೂ ರಾಟೆಯ ರಂಧ್ರದೊಳಗೂ ಅಂಟಿದ ಕೆಂಗಂದು ಬಣ್ಣದ ನಯವಾದ ಪುಡಿ. ಕರಾವಳಿಯ ಉಪ್ಪುಗಾಳಿಯಲ್ಲಿಯೂ ವರ್ಷಕ್ಕೆ ೩೦೦೦ ಮಿಲಿಮೀಟರಿಗೆ ಮೇಲ್ಪಟ್ಟ ಮಳೆಯಲ್ಲಿಯೂ ಕಬ್ಬಿಣಕ್ಕೆ ತುಕ್ಕು ಹಿಡಿಯುವುದು ಸಹಜವಾದುದರಿಂದ, ಇದನ್ನು ಸಾಮಾನ್ಯವಾದ ತುಕ್ಕೆಂದು ಉಪೇಕ್ಷಿಸುವವರೇ ಹೆಚ್ಚು. ವಾಸ್ತವದಲ್ಲಿ ಎರಡು ಲೋಹಗಳು ಬಿಗಿಯಿಲ್ಲದೆ ಒಂದರ ಮೇಲೊಂದು ಅತಿಸೂಕ್ಷ್ಮವಾಗಿ ಉಜ್ಜಿದಾಗ ಹುಟ್ಟುವ ಪುಡಿ ಇದು. ಓಡುತ್ತಿರುವ ಯಂತ್ರದಲ್ಲಿ ರಾಟೆಯ ಬುಡದಿಂದ ಇಂತಹ ಪುಡಿ ಹೊರಬರುತ್ತಿದ್ದರೆ ಹಿಡಿತವು ಸೋತಿದೆಯೆಂದು ತಿಳಿಯತಕ್ಕದ್ದು.

ಎರಡನೆಯದು, ದಂಡದ ಸುತ್ತಲೂ ಉಂಗುರದಂತೆ ಬಿದ್ದ ಗೀರು. ತಿರುಪಿನ ಮೊನೆಯು ಜಾರುತ್ತಾ ಕೊರೆದ ಗುರುತು ಅದು. ಮೂರನೆಯದು, ರಂಧ್ರದೊಳಗೆ ಸಿಕ್ಕಿಸಿದ ತಗಡಿನ ತುಂಡು. ರಂಧ್ರವು ದಂಡಕ್ಕಿಂತ ದೊಡ್ಡದಾದಾಗ ಡಬ್ಬಿಯ ತಗಡನ್ನು ಸುತ್ತಿ ಕೂರಿಸುವುದು ವಾಡಿಕೆಯಾಗಿದೆ. ತಗಡು ಕೆಲವು ದಿವಸಗಳಲ್ಲಿ ಜಜ್ಜಿಹೋಗುವುದು. ಅಷ್ಟರಲ್ಲಿ ರಾಟೆಯು ಓರೆಯಾಗಿ ಓಡಿ ಬೇರಿಂಗನ್ನೂ ಪಟ್ಟಿಯನ್ನೂ ಕೆಡಿಸಿರುವುದು.

ಹಿಡಿಯಬೇಕಾದ ಬಲವೆಷ್ಟು?

೫ ಅಶ್ವಶಕ್ತಿಯ ವಿದ್ಯುತ್ ಮೋಟಾರು ನಿಮಿಷಕ್ಕೆ ೧೪೪೦ ಸುತ್ತು ತಿರುಗುವುದೆಂದೂ ಅದರ ದಂಡದ ವ್ಯಾಸವು ೨೮ ಮಿಲಿಮೀಟರೆಂದೂ ಇಟ್ಟುಕೊಂಡರೆ, ದಂಡದ ಮೈಯಲ್ಲಿ ರಾಟೆಯನ್ನು ಜಾರಿಸಲೆತ್ನಿಸುವ ಬಲವು ಸುಮಾರು ೧೮೦ ಕಿಲೋಗ್ರಾಂ ತೂಕಕ್ಕೆ ಸಮಾನವಾಗುತ್ತದೆ. ಅದೇ ೫ ಅಶ್ವಶಕ್ತಿಯನ್ನು ನಿಮಿಷಕ್ಕೆ ೬೦೦ ಸುತ್ತಿನ ಎಂಜಿನ್ನಿನಿಂದ ೩೫ ಮಿಲಿಮೀಟರ್ ದಂಡದ ಮೂಲಕ ಪಡೆದರೆ ಆ ಬಲವು ಸುಮಾರು ೩೪೫ ಕಿಲೋಗ್ರಾಮಿಗೆ ಏರುವುದು. ಮೆಲ್ಲಗೆ ತಿರುಗುವ ಯಂತ್ರಕ್ಕೆ ಕಡಮೆ ಬಿಗಿ ಸಾಕೆಂಬುದು ತಪ್ಪು ಭಾವನೆ. ಅಶ್ವಶಕ್ತಿಯು ಸಮವಾಗಿರುವಲ್ಲಿ ಮೆಲ್ಲಗೆ ತಿರುಗುವುದಕ್ಕೇ ಹೆಚ್ಚಿನ ಹಿಡಿತ ಬೇಕು. ಇದಲ್ಲದೆ ಯಂತ್ರವು ಹೊರಡುವಾಗಲೂ ಗಿರಣಿಯಲ್ಲಿ ಧಾನ್ಯವು ಕಟ್ಟಿಕೊಂಡಾಗಲೂ ಈ ಬಲವು ಇಮ್ಮಡಿಯೋ ಮುಮ್ಮಡಿಯೋ ಆಗಬಹುದು. ಇಷ್ಟನ್ನು ಒಂದು ತಿರುಪಿನ ಮೊನೆಯಿಂದ ತಡೆಯಬಯಸುವುದು, ಕೊಬ್ಬಿದ ಹೋರಿಯನ್ನು ನೂಲಿನಿಂದ ಕಟ್ಟಿದಂತೆ.

ಬಿಗಿಯುವ ನಾಲ್ಕು ವಿಧಾನಗಳು

೧. ತಿರುಪು: ರಾಟೆಯ ಗುಂಬದಲ್ಲಿ ರಂಧ್ರ ಕೊರೆದು, ತಿರುಪಿನ ಮೊನೆಯನ್ನು ದಂಡಕ್ಕೆ ಒತ್ತಿಸುವುದು ಅತ್ಯಂತ ಅಗ್ಗವಾದ ಕ್ರಮ. ಬೀಸಣಿಗೆಯಂತಹ ಹಗುರವಾದ ಕೆಲಸಕ್ಕೆ ಮಾತ್ರ ಇದು ತಕ್ಕುದು. ಇದನ್ನೇ ಉಪಯೋಗಿಸಬೇಕಾದಲ್ಲಿ ದಂಡದ ಮೇಲೆ ಅರದಿಂದ ಸಣ್ಣ ಸಮತಟ್ಟು ಮಾಡಿ, ತಲೆಯಿಲ್ಲದ ಎರಡು ತಿರುಪುಗಳನ್ನು ಪರಸ್ಪರ ಕಾಲು ಸುತ್ತಿನ ಅಂತರದಲ್ಲಿ ಹಾಕತಕ್ಕದ್ದು.

೨. ಕೀಲು: ದಂಡದಲ್ಲಿಯೂ ಗುಂಬದಲ್ಲಿಯೂ ಕಾಲುವೆ ಕೊರೆದು ಎರಡಕ್ಕೂ ಸೇರುವಂತೆ ಉಕ್ಕಿನ ತುಂಡನ್ನು ಕೂರಿಸುವುದು, ಕೆಲಸಗಾರರು ಇದನ್ನೇ ‘ಕೀ’ ಎನ್ನುವರು. ೨೮ ಮಿಲಿಮೀಟರ್ ದಂಡಕ್ಕೆ ೮ ಮಿಲಿಮೀಟರ್ ಅಗಲವೂ ೭ ಮಿಲಿಮೀಟರ್ ಎತ್ತರವೂ ಉಳ್ಳ ಕೀಲು ಸಲ್ಲುವುದು. ಬಲವನ್ನು ಸಾಗಿಸುವುದರಲ್ಲಿ ಇದು ನಂಬತಕ್ಕುದಾದರೂ, ಸಮಾನ ದಪ್ಪದ ಕೀಲು ರಾಟೆಯನ್ನು ಉದ್ದಕ್ಕೆ ಜಾರದಂತೆ ತಡೆಯಲಾರದು. ಕೀಲು ಪಕ್ಕಗಳಲ್ಲಿ ಸಡಿಲವಾಗಿದ್ದರೆ ಪ್ರತಿಯೊಂದು ಕುಲುಕಿಗೂ ಕಾಲುವೆಯ ಅಂಚು ಜಜ್ಜುತ್ತಾ ಹೋಗುವುದು. ಕೀಲಿಗೆ ಬದಲಾಗಿ ಮೊಳೆಯನ್ನು ಹೊಡೆಯುವುದು ದಂಡವನ್ನು ನಾಶಮಾಡುವ ನೇರವಾದ ದಾರಿ.

೩. ಹಿಡಿಕಟ್ಟು: ಗುಂಬವನ್ನು ಎರಡು ಹೋಳಾಗಿ ಮಾಡಿ ಬೋಲ್ಟುಗಳಿಂದ ದಂಡವನ್ನು ಅಪ್ಪುವಂತೆ ಬಿಗಿಯುವುದು. ಗಾಡಿಯ ಚಕ್ರಕ್ಕೆ ಕಾಯಿಸಿದ ಕಬ್ಬಿಣದ ಪಟ್ಟಾ ಏರಿಸಿದಾಗ, ಅದು ತಣಿದು ಸುತ್ತಲೂ ಸಮನಾಗಿ ಬಿಗಿಯುವುದನ್ನು ರೈತರೆಲ್ಲರೂ ಬಲ್ಲರು. ಇಲ್ಲಿಯೂ ಅದೇ ತತ್ವ. ಮೊನೆಯ ಒತ್ತಡವು ಒಂದು ಚುಕ್ಕೆಯಲ್ಲಿ, ಹಿಡಿಕಟ್ಟಿನ ಒತ್ತಡವು ಮೈಯೆಲ್ಲದರ ಮೇಲೆ. ಹಬೆಯ ಶಕ್ತಿಯಿಂದ ನಡೆಯುತ್ತಿದ್ದ ಹಿಂದಿನ ಕಾಲದ ಕಾರ್ಖಾನೆಗಳಲ್ಲಿ ಒಂದೇ ಉದ್ದವಾದ ದಂಡದಿಂದ ಹಲವು ಪಟ್ಟಿಗಳ ಮೂಲಕ ಹಲವು ಯಂತ್ರಗಳನ್ನು ಓಡಿಸುತ್ತಿದ್ದರು. ದಂಡವನ್ನು ಕಳಚದೆಯೇ ರಾಟೆ ಹಾಕಲು ತೆಗೆಯಲು ಎರಡು ಹೋಳಿನ ರಾಟೆಗಳೇ ಅಲ್ಲಿ ಅನುಕೂಲವಾಗಿದ್ದುವು.

‘೮.೮’ ಎಂದು ತಲೆಯ ಮೇಲೆ ಮುದ್ರೆಯಿರುವ ೮ ಮಿಲಿಮೀಟರ್ ಬೋಲ್ಟನ್ನು ೨೦ ಸೆಂಟಿಮೀಟರ್ ಉದ್ದದ ಸ್ಪಾನರಿನಿಂದ ೧೨ ಕಿಲೋಗ್ರಾಂ ಎಳೆತದಲ್ಲಿ ಬಿಗಿದರೆ ಸುಮಾರು ೧೫೦೦ ಕಿಲೋಗ್ರಾಂ ಒತ್ತಡ ದೊರೆಯುವುದು. ಪಕ್ಕಕ್ಕೊಂದರಂತೆ ಎರಡು ಬೋಲ್ಟುಗಳಿಂದ ಹೋಳುಗಳು ತಲಾ ೩೦೦೦ ಕಿಲೋಗ್ರಾಂ ಒತ್ತುವುವು. ಘರ್ಷಣೆಯನ್ನು ನೂರಕ್ಕೆ ಹದಿನೈದರಂತೆ ಹಿಡಿದರೂ ಹಿಡಿತವು ೯೦೦ ಕಿಲೋಗ್ರಾಮಾಗುವುದು. ಅಂದರೆ ಮೇಲೆ ಹೇಳಿದ ಮೋಟಾರಿಗೆ ಬೇಕಾದುದರ ಐದು ಪಾಲು. ಆದರೆ ದಂಡದ ಮೇಲೆ ಎಣ್ಣೆಯ ಪಸೆ ಉಳಿದರೆ ಈ ಹಿಡಿತವು ಅರ್ಧಕ್ಕೆ ಇಳಿಯಬಹುದು.

೪. ಓರೆಬುಷ್: ಅಂಗಡಿಗಳಲ್ಲಿ ‘ಟೇಪರ್ ಲಾಕ್ ಬುಷ್’ ಎಂಬ ಹೆಸರಿನಿಂದ ದೊರೆಯುವ ಇದು ಹೊರಮೈ ಓರೆಯಾಗಿದ್ದು ಒಂದು ಕಡೆ ಸೀಳಿರುವ ಉಕ್ಕಿನ ಅಥವಾ ಎರಕದ ಕೊಳವೆ. ಗುದ್ದಲಿಯ ಕಾವಿಗೆ ಬೆಣೆ ಹೊಡೆದಂತೆ, ತಿರುಪುಗಳನ್ನು ಬಿಗಿಯುತ್ತಾ ಹೋದಂತೆಲ್ಲಾ ಬುಷ್ ಓರೆಯಾದ ರಂಧ್ರದೊಳಕ್ಕೆ ಸರಿದು, ಸೀಳು ಕಿರಿದಾಗಿ ದಂಡವನ್ನು ಸುತ್ತಲೂ ಅಪ್ಪಿಕೊಳ್ಳುವುದು. ಬೇಕಾದಾಗ ದಂಡಕ್ಕೆ ಗಾಯವಾಗದಂತೆ ಬಿಚ್ಚಬಹುದು. ದಂಡ ಬದಲಾದರೆ ರಾಟೆಯನ್ನು ಉಳಿಸಿಕೊಂಡು ಬುಷ್ ಒಂದನ್ನೇ ಬದಲಿಸಬಹುದು. ಪದೇಪದೇ ಕಳಚಿ ಜೋಡಿಸಬೇಕಾದ ಪಂಪಿಗೂ ಗಿರಣಿಗೂ ಇದೇ ಮೇಲಾದುದು.

ಜೋಡಿಸುವ ಕ್ರಮ

ಮೊದಲು ದಂಡವನ್ನು ಎಮರಿ ಕಾಗದದಿಂದ ಉಜ್ಜಿ, ಸೀಮೆ ಎಣ್ಣೆಯಿಂದ ತೊಳೆದು, ಒಣಬಟ್ಟೆಯಿಂದ ಪಸೆ ಉಳಿಯದಂತೆ ಒರಸತಕ್ಕದ್ದು. ರಂಧ್ರಕ್ಕೂ ಬುಷ್‌ಗೂ ಇದೇ ಶುದ್ಧಿ ಬೇಕು. ಎಣ್ಣೆಯನ್ನು ತಿರುಪಿನ ಸುರುಳಿಗೆ ಮಾತ್ರ ಹಚ್ಚಬೇಕು. ಹಿಡಿಯುವ ಮೈಗಳಿಗೆ ಸರ್ವಥಾ ಹಚ್ಚಬಾರದು.

ರಾಟೆಯನ್ನು ಬೇರಿಂಗಿಗೆ ಆದಷ್ಟು ಸಮೀಪದಲ್ಲಿ ಇಡತಕ್ಕದ್ದು. ದಂಡದ ತುದಿಯಲ್ಲಿಟ್ಟರೆ ಪಟ್ಟಿಯ ಎಳೆತಕ್ಕೆ ದಂಡವು ಬಾಗುವುದು. ಎರಡು ರಾಟೆಗಳ ಮುಖಕ್ಕೆ ಬಿಗಿಯಾದ ದಾರ ಹಿಡಿದು, ದಾರವು ನಾಲ್ಕು ಅಂಚುಗಳಿಗೂ ಮುಟ್ಟುವುದೆಂದು ಕಂಡ ಮೇಲೆಯೇ ಬಿಗಿಯಬೇಕು.

ಹಿಡಿಕಟ್ಟಿನ ಬೋಲ್ಟುಗಳನ್ನು ಒಂದನ್ನೇ ಪೂರ್ತಿ ತಿರುಗಿಸದೆ, ಸರದಿಯಂತೆ ಸ್ವಲ್ಪ ಸ್ವಲ್ಪವಾಗಿ ಬಿಗಿಯಬೇಕು. ಬಿಗಿದಾದ ಮೇಲೆ ಎರಡು ಹೋಳುಗಳ ನಡುವೆ ಸಂದು ಉಳಿದಿರಲೇಬೇಕು. ಹೋಳುಗಳು ಒಂದಕ್ಕೊಂದು ತಾಗಿದ್ದರೆ, ಬೋಲ್ಟಿನ ಒತ್ತಡವೆಲ್ಲವೂ ಅವುಗಳ ಮೇಲೆಯೇ ವ್ಯಯವಾಗಿ ದಂಡಕ್ಕೆ ಹಿಡಿತವೇ ದೊರೆತಿರುವುದಿಲ್ಲ. ರಂಧ್ರವು ದೊಡ್ಡದಾಗಿದೆಯೆಂದು ತಿಳಿದು ಲೇತಿಗೆ ಕಳುಹಿಸತಕ್ಕದ್ದು. ಇನ್ನಷ್ಟು ಬಲದಿಂದ ಬಿಗಿಯಹೋದರೆ ಎರಕದ ಗುಂಬವು ಸೀಳುವುದು.

ಓರೆಬುಷ್ ಹಾಕುವಾಗ, ಬುಷ್‌ನಲ್ಲಿರುವ ಅರೆರಂಧ್ರಗಳು ರಾಟೆಯ ಅರೆರಂಧ್ರಗಳೊಡನೆ ಕೂಡಿ ಪೂರ್ಣವಾಗುವಂತೆ ತಿರುಗಿಸಿ, ಎರಡು ತಿರುಪುಗಳನ್ನು ಸರದಿಯಂತೆ ಬಿಗಿಯಬೇಕು. ೧೬೧೦ ಸಂಖ್ಯೆಯ ಬುಷ್‌ಗೆ ೨೦ ಸೆಂಟಿಮೀಟರ್ ಕೈಯಲ್ಲಿ ೧೦ ಕಿಲೋಗ್ರಾಂ ಎಳೆತವೂ, ೨೫೧೭ ಸಂಖ್ಯೆಯದಕ್ಕೆ ೨೫ ಕಿಲೋಗ್ರಾಂ ಎಳೆತವೂ ತಕ್ಕುದು. ಬಳಿಕ ಬುಷ್‌ನ ದಪ್ಪ ತುದಿಯ ಮೇಲೆ ಮರದ ತುಂಡಿಟ್ಟು ಸುತ್ತಿಗೆಯಿಂದ ಮೆಲ್ಲನೆ ಬಡಿದು ಮತ್ತೆ ಬಿಗಿಯಬೇಕು. ತಿರುಪು ಇನ್ನು ತಿರುಗದೆಂಬವರೆಗೆ ಹೀಗೆಯೇ ಮಾಡತಕ್ಕದ್ದು. ಅರ್ಧ ಗಂಟೆ ಭಾರದಲ್ಲಿ ಓಡಿಸಿ, ಯಂತ್ರವನ್ನು ನಿಲ್ಲಿಸಿ ಮತ್ತೊಮ್ಮೆ ಪರೀಕ್ಷಿಸಬೇಕು. ಖಾಲಿ ಉಳಿದ ರಂಧ್ರಕ್ಕೆ ಗ್ರೀಸ್ ತುಂಬಿದರೆ ಮಣ್ಣೂ ತುಕ್ಕೂ ಸೇರುವುದಿಲ್ಲ. ಬಿಚ್ಚುವಾಗ ಎರಡು ತಿರುಪುಗಳನ್ನೂ ತೆಗೆದು, ಒಂದನ್ನು ಆ ಮೂರನೆಯ ರಂಧ್ರಕ್ಕೆ ಹಾಕಿ ಬಿಗಿದರೆ ಬುಷ್ ತಾನಾಗಿಯೇ ಸಡಿಲವಾಗುವುದು. ರಾಟೆಗೆ ಸುತ್ತಿಗೆ ತಾಗಿಸುವ ಕಾರಣವೇ ಇಲ್ಲ.

ಸಡಿಲವಾಯಿತೆಂದು ರಾಟೆಯನ್ನು ದಂಡಕ್ಕೆ ಬೆಸುಗೆ ಹಾಕಿಸುವವರಿದ್ದಾರೆ. ಬೆಸುಗೆಯ ಕಾವಿಗೆ ದಂಡವು ಸೊಟ್ಟಗಾಗುವುದು. ಮುಂದೆ ಬೇರಿಂಗು ಬದಲಿಸಬೇಕಾದಾಗ ರಾಟೆ, ದಂಡ ಎರಡನ್ನೂ ಕತ್ತರಿಸಿ ಬಿಸಾಡಬೇಕಾಗುವುದು.

ಪ್ರಾಣಾಪಾಯ

ಹಣದ ನಷ್ಟಕ್ಕಿಂತ ದೊಡ್ಡದಾದ ಮಾತೊಂದಿದೆ. ಹೊರಕ್ಕೆ ಚಾಚಿಕೊಂಡಿರುವ ತಿರುಪಿನ ತಲೆಯಾಗಲಿ ಕೀಲಿನ ತುದಿಯಾಗಲಿ ತಿರುಗುವಾಗ ಕಣ್ಣಿಗೆ ಕಾಣುವುದಿಲ್ಲ. ಪಂಚೆಯ ಅಂಚು, ಸೀರೆಯ ಸೆರಗು, ಹೆಗಲ ಬೈರಾಸು, ಬಿಚ್ಚಿದ ಕೂದಲು ಇವುಗಳಲ್ಲಿ ಯಾವುದಾದರೂ ಅದಕ್ಕೆ ಸಿಕ್ಕಿದರೆ, ನಿಮಿಷಕ್ಕೆ ೧೪೪೦ ಸುತ್ತಿನ ದಂಡವು ಒಂದು ಸೆಕೆಂಡಿನಲ್ಲಿ ಇಪ್ಪತ್ತನಾಲ್ಕು ಸುತ್ತು ಸುತ್ತಿಕೊಳ್ಳುವುದು. ಸ್ವಿಚ್ಚಿಗೆ ಕೈ ಹೋಗುವಷ್ಟು ಅವಕಾಶವೂ ಇರುವುದಿಲ್ಲ.

ಈ ಕಾರಣದಿಂದಲೇ ೧೯೪೮ರ ಫ್ಯಾಕ್ಟರಿ ಕಾಯಿದೆಯ ೨೬ನೆಯ ಪ್ರಕರಣದಲ್ಲಿ, ಹೊಸದಾಗಿ ಸ್ಥಾಪಿಸಲ್ಪಡುವ ಯಂತ್ರಗಳ ತಿರುಗುವ ದಂಡದ ಮೇಲಿನ ಪ್ರತಿಯೊಂದು ತಿರುಪು, ಬೋಲ್ಟು, ಕೀಲು ಅಪಾಯವಾಗದಂತೆ ಒಳಕ್ಕೆ ಹುದುಗಿರಬೇಕು ಅಥವಾ ಮುಚ್ಚಲ್ಪಟ್ಟಿರಬೇಕು ಎಂದು ವಿಧಿಸಲಾಗಿತ್ತು. ಆ ವಿಧಿಯು ಕಾರ್ಖಾನೆಗಳಿಗಾಗಿ ಮಾಡಿದುದು. ಆದರೆ ತೋಟದ ಪಂಪುಮನೆಯಲ್ಲಿ ನಿಲ್ಲುವ ಆಳಿನ ಪ್ರಾಣವು ಕಾರ್ಖಾನೆಯ ಕೆಲಸಗಾರನ ಪ್ರಾಣಕ್ಕಿಂತ ಅಗ್ಗವಾದುದಲ್ಲ. ಹೋಳುಗುಂಬದ ಬೋಲ್ಟುಗಳನ್ನು ತಲೆ ಹುದುಗುವಂತೆ ಹಾಕಿಸಿ, ರಾಟೆಗೂ ಪಟ್ಟಿಗೂ ತಂತಿಬಲೆಯ ಅಥವಾ ತಗಡಿನ ಮುಚ್ಚಳವನ್ನು ಕಟ್ಟಿಸತಕ್ಕದ್ದು. ಯಂತ್ರವು ಓಡುತ್ತಿರುವಾಗ ತಿರುಪನ್ನು ಬಿಗಿಯಲು ಯಾರಿಗೂ ಅಪ್ಪಣೆ ಕೊಡಬಾರದು.

ಭೂಮಾಲಿಕರೂ ಗ್ರಾಮದ ಮುಖ್ಯಸ್ಥರೂ ಮಾಡಬೇಕಾದುದು

ಮಳೆ ನಿಂತು ಪಂಪು ಹೂಡುವ ಮೊದಲು ಪ್ರತಿಯೊಬ್ಬ ಯಜಮಾನನೂ ತನ್ನ ಯಂತ್ರದ ರಾಟೆಯನ್ನು ಕೈಯಿಂದ ಹಿಡಿದು ಹಿಂದಕ್ಕೂ ಮುಂದಕ್ಕೂ ಅಲುಗಿಸಿ ನೋಡತಕ್ಕದ್ದು. ಹೀಗೆ ನೋಡುವ ಮೊದಲು ವಿದ್ಯುತ್ ಸಂಪರ್ಕವನ್ನು ಕಡಿದಿರಬೇಕು. ದಂಡವು ನಿಂತಿರುವಾಗ ರಾಟೆಯು ಅಲುಗಿದರೂ, ಬುಡದಲ್ಲಿ ಕೆಂಗಂದು ಪುಡಿ ಕಂಡರೂ, ಆ ಹಂಗಾಮಿನಲ್ಲಿ ಪಂಪು ನಿಲ್ಲುವುದು ನಿಶ್ಚಯ. ಲೇತಿಗೆ ಕಳುಹಿಸುವಾಗ ರಾಟೆಯೊಂದನ್ನೇ ಕಳುಹಿಸದೆ ದಂಡವನ್ನೂ ಕಳುಹಿಸಬೇಕು. ಅದು ಸಾಧ್ಯವಿಲ್ಲದಿದ್ದರೆ ದಂಡದ ವ್ಯಾಸವನ್ನು ಅಳೆಯುವ ಸಾಧನದಿಂದ ಅಳೆಸಿ ಬರೆದು ಕಳುಹಿಸಬೇಕು. ದಾರ ಸುತ್ತಿ ಅಳೆದ ಅಳತೆಯಿಂದಲೇ ತಗಡು ಸಿಕ್ಕಿಸುವ ಪ್ರಸಂಗವು ಹುಟ್ಟುವುದು.

ಗ್ರಾಮದ ಮುಖ್ಯಸ್ಥರು ಊರಿನ ಗಿರಣಿಯನ್ನೂ, ಹಲವರು ಕೂಡಿ ಉಪಯೋಗಿಸುವ ಯಂತ್ರಗಳನ್ನೂ ವರ್ಷಕ್ಕೊಮ್ಮೆಯಾದರೂ ನೋಡಿ, ಚಾಚಿದ ತಿರುಪು ಕಂಡಲ್ಲಿ ಅದನ್ನು ತೆಗೆಸಿಯೇ ಓಡಿಸಲು ಬಿಡಬೇಕು. ಹೆಂಗಸರೂ ಮಕ್ಕಳೂ ಧಾನ್ಯ ಹೊತ್ತು ಬಂದು ನಿಲ್ಲುವ ಸ್ಥಳ ಅದು. ಒಂದು ಬುಷ್‌ನ ಬೆಲೆಯೂ ಒಂದು ಮುಚ್ಚಳದ ಕೂಲಿಯೂ, ಒಂದು ಸರದಿಯ ನೀರಿಗಾಗಲಿ ಒಂದು ಕೈಗಾಗಲಿ ಸಮನಾಗಲಾರವು.